ಹುಲ್ಲಿನ ಮೊಳಕೆಗೆ ಟೋಪಿ ತೊಡಿಸಿದ ಡಾರ್ವಿನ್

ಮಕ್ಕಳೇ, ಇವತ್ತು ಶಾಲೆ ಬಿಟ್ಟು ಮನೆಗೆ ಹೋಗುವಾಗ ದಾರಿಯಲ್ಲಿ ಸಿಗುವ ಗಿಡಗಳನ್ನು ಸ್ವಲ್ಪ ನಿಂತು ನೋಡಿ. ನೀವು ಪೀಣ್ಯದವರಾದರೆ ಶೀಟು ಮನೆಗಳ ಸಾಲಿನಲ್ಲಿ ಹಳೆಯ ಪೇಂಟ್ ಡಬ್ಬಿಯಲ್ಲಿ ಬೆಳೆಸಿದ ತುಳಸಿ ಸಿಗುತ್ತದೆ. ಅದು ನೆಟ್ಟಗೆ ನಿಂತಿದೆಯೋ, ಎರಡು ಗೋಡೆಗಳ ನಡುವೆ ಬೆಳಕು ಬೀಳುವ ಸಂದಿನ ಕಡೆಗೆ ವಾಲಿದೆಯೋ ಗಮನಿಸಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯವರಾದರೆ ಎತ್ತರದ ಕಟ್ಟಡಗಳ ಪಕ್ಕದಲ್ಲಿ ನೆಟ್ಟ ಹೊಂಗೆ ಸಸಿಗಳನ್ನು ನೋಡಿ. ಎಷ್ಟೋ ಸಸಿಗಳು ಕಟ್ಟಡದ ನೆರಳಿಗೆ ಬೆನ್ನು ಹಾಕಿ ರಸ್ತೆಯ ಕಡೆಗೆ ಬಾಗಿರುತ್ತವೆ.

ಮದುವೆಮನೆಯಲ್ಲಿ ಮಣ್ಣಿನ ಕುಡಿಕೆಗಳಿಗೆ ನವಧಾನ್ಯ ಹಾಕಿ ಮೊಳಕೆ ಬರಿಸುವುದನ್ನೂ ನೀವು ಕಂಡಿರಬಹುದು. ಕತ್ತಲು ಕೋಣೆಯ ಮೂಲೆಯಲ್ಲಿ ಇಟ್ಟ ಆ ಪೈರು ತೆಳ್ಳಗೆ, ಹಳದಿಯಾಗಿ ಬೆಳೆದು ಬಾಗಿಲ ಕಡೆಗೆ ಬಗ್ಗಿರುತ್ತದೆ. ಕುಡಿಕೆಯನ್ನು ಹಿಂದುಮುಂದು ತಿರುಗಿಸಿಟ್ಟರೆ ಮರುದಿನ ಪೈರು ಮತ್ತೆ ಬಾಗಿಲ ಕಡೆಗೇ ತಿರುಗಿರುತ್ತದೆ!

ಗಿಡಕ್ಕೆ ಕಣ್ಣಿಲ್ಲ. ಹಾಗಾದರೆ ಬೆಳಕು ಯಾವ ಕಡೆ ಇದೆಯೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಗೊತ್ತಾದರೂ ಬಗ್ಗುವುದು ಹೇಗೆ? ನಮ್ಮ ಮೊಣಕೈಗೆ ಇರುವಂಥ ಕೀಲು ಅದಕ್ಕಿಲ್ಲ, ಸ್ನಾಯುಗಳೂ ಇಲ್ಲ.

ಈ ಪ್ರಶ್ನೆಯ ಬೆನ್ನು ಹತ್ತಿ ತಮ್ಮ ಮುಪ್ಪಿನ ಮೂರು ವರ್ಷಗಳನ್ನು ಕಳೆದ ಒಬ್ಬರು ವಿಜ್ಞಾನಿಯ ಕಥೆ ಇದು. ಅವರ ಹೆಸರು ಚಾರ್ಲ್ಸ್ ಡಾರ್ವಿನ್. ಜೀವಿಗಳು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತಾ ಬಂದವು ಎಂಬ ವಿಕಾಸವಾದವನ್ನು ಮುಂದಿಟ್ಟವರು ಎಂದು ಅವರ ಹೆಸರನ್ನು ನೀವು ಕೇಳಿರಬಹುದು. ಉದ್ದ ಬಿಳಿ ಗಡ್ಡದ ಆ ಚಿತ್ರವನ್ನೂ ನೋಡಿರಬಹುದು. ಆ ಗಡ್ಡದ ಅಜ್ಜ ಹುಲ್ಲಿನ ಮೊಳಕೆಗಳಿಗೆ ಪುಟ್ಟ ಪುಟ್ಟ ಟೋಪಿ ತೊಡಿಸುತ್ತಾ ಕೂತಿದ್ದ ಸಂಗತಿ ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ.

ಚಾರ್ಲ್ಸ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ರಾಬರ್ಟ್ ಹೆಸರಾಂತ ವೈದ್ಯರು. ತಾಯಿ ಸುಸಾನಾ ತೀರಿಕೊಂಡಾಗ ಹುಡುಗನಿಗೆ ಎಂಟೇ ವರ್ಷ. ಶಾಲೆಯ ಪಾಠಗಳಲ್ಲಿ ಚಾರ್ಲ್ಸ್‌ಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಕಲ್ಲು, ಚಿಪ್ಪು, ಹುಳು ಆರಿಸುವುದೆಂದರೆ ಪ್ರಾಣ. ಅಣ್ಣನ ಜೊತೆ ಸೇರಿ ತೋಟದ ಕೊಠಡಿಯಲ್ಲಿ ರಸಾಯನ ಪ್ರಯೋಗ ಮಾಡುತ್ತಿದ್ದುದರಿಂದ ಸಹಪಾಠಿಗಳು ಅವನಿಗೆ ಗ್ಯಾಸ್ ಎಂದೇ ಅಡ್ಡಹೆಸರು ಇಟ್ಟಿದ್ದರು.

ಮಗ ತನ್ನಂತೆಯೇ ವೈದ್ಯನಾಗಲಿ ಎಂದು ತಂದೆ 1825ರಲ್ಲಿ ಎಡಿನ್‌ಬರೋಗೆ ಕಳಿಸಿದರು. ಆಗಿನ್ನೂ ನೋವು ತಿಳಿಯದಂತೆ ಮಾಡುವ ಔಷಧಿಗಳು ಬಂದಿರಲಿಲ್ಲ. ಎಚ್ಚರ ಇರುವ ರೋಗಿಗೇ ಶಸ್ತ್ರಚಿಕಿತ್ಸೆ! ಅದನ್ನು ನೋಡಲಾರದೆ ಚಾರ್ಲ್ಸ್ ಹೊರಗೆ ಓಡಿದರು. ವೈದ್ಯಕೀಯ ಅಲ್ಲಿಗೇ ಮುಗಿಯಿತು. ಮುಂದೆ ಕೇಂಬ್ರಿಜ್‌ನಲ್ಲಿ ಓದುವಾಗ ಜೀರುಂಡೆಗಳ ಹುಚ್ಚು ಹಿಡಿಯಿತು. ಒಮ್ಮೆ ಎರಡು ಕೈಯಲ್ಲೂ ಒಂದೊಂದು ಅಪರೂಪದ ಜೀರುಂಡೆ ಹಿಡಿದಿದ್ದಾಗ ಮೂರನೆಯದೊಂದು ಕಣ್ಣಿಗೆ ಬಿತ್ತು. ಏನು ಮಾಡುವುದು? ಕೈಯಲ್ಲಿದ್ದ ಒಂದನ್ನು ಬಾಯಿಗೆ ಹಾಕಿಕೊಂಡರು. ಅದು ನಾಲಿಗೆ ಸುಡುವಂಥ ರಸ ಬಿಟ್ಟಿತು. ಉಗುಳಲೇಬೇಕಾಯಿತು. ಬಾಯಲ್ಲಿದ್ದುದೂ ಹೋಯಿತು, ಮೂರನೆಯದೂ ತಪ್ಪಿಸಿಕೊಂಡಿತು. (ನೀವು ಇದನ್ನು ಮಾಡಲು ಹೋಗಬೇಡಿ.)

ಅಲ್ಲಿನ ಸಸ್ಯವಿಜ್ಞಾನದ ಪ್ರಾಧ್ಯಾಪಕ ಹೆನ್ಸ್‌ಲೋ ಅವರಿಗೆ ಈ ಹುಡುಗನ ಮೇಲೆ ವಿಶ್ವಾಸ ಬೆಳೆಯಿತು. ಅವರ ಶಿಫಾರಸಿನಿಂದ 22 ವರ್ಷದ ಡಾರ್ವಿನ್‌ಗೆ ಬೀಗಲ್ ಎಂಬ ಹಡಗಿನಲ್ಲಿ ಜಗತ್ತು ಸುತ್ತುವ ಅವಕಾಶ ಸಿಕ್ಕಿತು. 1831ರ ಡಿಸೆಂಬರಿನಲ್ಲಿ ಹೊರಟ ಹಡಗು ಮರಳಿದ್ದು 1836ರ ಅಕ್ಟೋಬರಿನಲ್ಲಿ. ಆ ಐದು ವರ್ಷಗಳ ಕಥೆಯೂ, ಅದರಿಂದ ಹುಟ್ಟಿ 1859ರಲ್ಲಿ ಪ್ರಕಟವಾದ ಪುಸ್ತಕದ ಕಥೆಯೂ ದೊಡ್ಡದು. ಅದನ್ನು ಇನ್ನೊಮ್ಮೆ ನೋಡೋಣ. ನಮಗೆ ಈಗ ಬೇಕಾದುದು ಅವರ ಮನೆ.

1842ರಲ್ಲಿ ಡಾರ್ವಿನ್ ಹೆಂಡತಿ ಎಮ್ಮಾ ಮತ್ತು ಮಕ್ಕಳೊಂದಿಗೆ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಸಾಯುವವರೆಗೂ 40 ವರ್ಷ ಅಲ್ಲೇ ಇದ್ದರು. ಅವರ ಆರೋಗ್ಯ ಸದಾ ಕೆಡುತ್ತಿತ್ತು. ವಾಂತಿ, ಎದೆಬಡಿತ, ಸುಸ್ತು. ಎಷ್ಟೋ ದಿನ ಹಾಸಿಗೆಯಿಂದ ಏಳಲೂ ಆಗುತ್ತಿರಲಿಲ್ಲ. ಹುಟ್ಟಿದ ಹತ್ತು ಮಕ್ಕಳಲ್ಲಿ ಮೂವರು ಎಳೆವಯಸ್ಸಿನಲ್ಲೇ ತೀರಿಹೋದರು. ಅವರಲ್ಲಿ ಒಬ್ಬಳಾದ ಆನಿ 1851ರಲ್ಲಿ ಹತ್ತು ವರ್ಷದವಳಿದ್ದಾಗ ಕಣ್ಮುಚ್ಚಿದ್ದು ಅವರಿಗೆ ಎಂದೂ ಮಾಯದ ನೋವಾಯಿತು.

ಡಾರ್ವಿನ್ ಯಾವ ವಿಶ್ವವಿದ್ಯಾನಿಲಯದಲ್ಲೂ ಪ್ರಾಧ್ಯಾಪಕರಾಗಿರಲಿಲ್ಲ. ಅಪ್ಪನ ಆಸ್ತಿ ಇದ್ದುದರಿಂದ ಸಂಬಳದ ಚಿಂತೆ ಇರಲಿಲ್ಲ, ಅದನ್ನೂ ಹೇಳಬೇಕು. ಆದರೆ ದೊಡ್ಡ ಪ್ರಯೋಗಾಲಯವೂ ಇರಲಿಲ್ಲ. ಅಳೆಯಲು ಮನೆಮಂದಿಯೆಲ್ಲ ಬಳಸುವ ಮೂರು ಅಡಿಯ ಹಳೇ ಅಳತೆಕೋಲು. ಅದಕ್ಕಿಂತ ಉದ್ದದ್ದು ಬೇಕಾದಾಗ ಊರಿನ ಬಡಗಿಯಿಂದ ಮಾಡಿಸಿಕೊಂಡ ಏಳು ಅಡಿಯ ಕೋಲು. ಕಿಟಕಿಯ ದಂಡೆಯ ಮೇಲೆ ಕುಂಡಗಳು. 1863ರಲ್ಲಿ ತೋಟದಲ್ಲಿ ಒಂದು ಗಾಜಿನ ಮನೆ ಕಟ್ಟಿಸಿಕೊಂಡರು, ಅಷ್ಟೆ.

ಕಾಯಿಲೆ ಬಿದ್ದು ಕೋಣೆಯೊಳಗೇ ಇರಬೇಕಾಗಿ ಬಂದಾಗ ಅವರು ಹಾಪ್ ಎಂಬ ಬಳ್ಳಿಯ ಕುಂಡವನ್ನು ಹತ್ತಿರ ತರಿಸಿ ಇಟ್ಟುಕೊಂಡರು. ನಮ್ಮ ಅವರೆ ಬಳ್ಳಿಯ ಹಾಗೆ ಆಸರೆಗೆ ಸುತ್ತಿಕೊಂಡು ಹಬ್ಬುವ ಬಳ್ಳಿ ಅದು. ಹಗಲೂ ರಾತ್ರಿ ನೋಡುತ್ತಾ ಇದ್ದರು. ಬಳ್ಳಿಯ ಕುಡಿ ಸುಮ್ಮನೆ ನಿಂತಿರಲಿಲ್ಲ. ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಬೆಚ್ಚಗಿನ ದಿನಗಳಲ್ಲಿ ಸುಮಾರು ಎರಡು ಗಂಟೆಗೆ ಒಂದು ಸುತ್ತು. ಗಿಡಗಳು ಅಲುಗುತ್ತವೆ, ನಾವು ಕಾದು ನೋಡುವುದಿಲ್ಲ ಅಷ್ಟೆ ಎಂಬುದು ಅವರಿಗೆ ಆಗ ಖಚಿತವಾಯಿತು.

ಈಗ ಕಥೆಗೆ ಅವರ ಮಗ ಬರುತ್ತಾರೆ. ಫ್ರಾನ್ಸಿಸ್ ಹುಟ್ಟಿದ್ದು 1848ರಲ್ಲಿ. ವೈದ್ಯಕೀಯ ಓದಿದ್ದರೂ ವೈದ್ಯರಾಗಿ ಕೆಲಸ ಮಾಡಲಿಲ್ಲ, ತಂದೆಗೆ ಸಹಾಯಕರಾದರು. 1874ರಲ್ಲಿ ಏಮಿ ಎಂಬವರನ್ನು ಮದುವೆಯಾದರು. ಎರಡು ವರ್ಷದ ನಂತರ, 1876ರ ಸೆಪ್ಟೆಂಬರಿನಲ್ಲಿ, ಗಂಡು ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ಏಮಿ ತೀರಿಕೊಂಡರು. ಹಸುಗೂಸು ಬರ್ನಾರ್ಡ್‌ನನ್ನು ಎತ್ತಿಕೊಂಡು ಫ್ರಾನ್ಸಿಸ್ ಅಪ್ಪನ ಮನೆಗೇ ಮರಳಿದರು. ಮಗುವನ್ನು ಅಜ್ಜಿ ಎಮ್ಮಾ ನೋಡಿಕೊಂಡರು. ಇತ್ತ ಅಪ್ಪ, ಮಗ ಕೂಡಿ 1877ರಲ್ಲಿ ಹೊಸ ಕೆಲಸಕ್ಕೆ ಕೈಹಾಕಿದರು. ಅಪ್ಪನಿಗೆ 68 ವರ್ಷ, ಮಗನಿಗೆ 29. ಆ ದುಃಖದ ಮನೆಯಲ್ಲಿ ಹುಲ್ಲಿನ ಬೀಜಗಳು ಮೊಳೆಯತೊಡಗಿದವು.

ಗಿಡಗಳ ಚಲನೆಯನ್ನು ಅಳೆಯುವುದು ಹೇಗೆ? ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಂದನ್ನು ಗಿಡಕ್ಕೆ ಅಂಟಿಸುವುದು. ಎಳೆಯ ತುದಿಯಲ್ಲಿ ಕಪ್ಪು ಅರಗಿನ ಒಂದು ಚುಕ್ಕಿ. ಅದರ ಹಿಂದೆ ಒಂದು ಕಾರ್ಡು, ಅದರ ಮೇಲೊಂದು ಗುರುತು. ಮುಂದೆ ಒಂದು ಗಾಜಿನ ಹಲಗೆ. ಅರಗಿನ ಚುಕ್ಕಿಯೂ ಕಾರ್ಡಿನ ಗುರುತೂ ಒಂದೇ ನೇರದಲ್ಲಿ ಕಾಣುವಂತೆ ಕಣ್ಣಿಟ್ಟು ನೋಡಿ ಗಾಜಿನ ಹಲಗೆಯ ಮೇಲೆ ಒಂದು ಚುಕ್ಕೆ ಇಡುವುದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಹೀಗೇ ಗಂಟೆಗಟ್ಟಲೆ. ಕೊನೆಗೆ ಚುಕ್ಕೆಗಳನ್ನು ಸೇರಿಸಿದರೆ ಗಿಡ ನಡೆದ ದಾರಿ ದೊಡ್ಡದಾಗಿ ಕಾಣುತ್ತಿತ್ತು. (ಮುಂದೆ ನಮ್ಮ ದೇಶದ ಜಗದೀಶ್ ಚಂದ್ರ ಬೋಸರು ಕೋಲ್ಕತ್ತದಲ್ಲಿ ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನೇ ಮಾಡಿದರು.)

ಬೆಳಕಿನ ಪ್ರಶ್ನೆಗೆ ಅವರು ಆರಿಸಿಕೊಂಡದ್ದು ಕ್ಯಾನರಿ ಹುಲ್ಲು. ಪಂಜರದ ಹಕ್ಕಿಗಳಿಗೆ ಹಾಕುವ ಕಾಳಿನ ಗಿಡ. ರಾಗಿ, ಜೋಳ, ಭತ್ತ, ಗೋಧಿಗಳಂತೆ ಇದೂ ಹುಲ್ಲಿನ ಕುಟುಂಬದ್ದು. ಈ ಕುಟುಂಬದ ಬೀಜ ಮೊಳೆತಾಗ ಮಣ್ಣಿನಿಂದ ಮೊದಲು ಮೇಲೆ ಬರುವುದು ಎಲೆಯಲ್ಲ. ಕತ್ತಿಗೆ ಒರೆ ಇರುವಂತೆ ಎಳೆಯ ಎಲೆಯನ್ನು ಮುಚ್ಚಿಕೊಂಡ ಒಂದು ಪುಟ್ಟ ಕೊಳವೆ ಮೊದಲು ಬರುತ್ತದೆ. ಅದರ ತುದಿ ಚೂಪು, ಬುಡ ಮಣ್ಣಿನಲ್ಲಿ. ವಿಜ್ಞಾನಿಗಳು ಇದನ್ನು ಕೋಲಿಯಾಪ್ಟೈಲ್ ಎನ್ನುತ್ತಾರೆ. ನಾವು ಮೊಳಕೆಯ ಒರೆ ಎನ್ನೋಣ. ಈ ಒರೆಗೆ ಬೆಳಕಿನ ಮೇಲೆ ಎಷ್ಟು ಆಸೆಯೆಂದರೆ, ಕತ್ತಲು ಕೋಣೆಯಲ್ಲಿ ದೂರದಲ್ಲಿ ಇಟ್ಟ ಸಣ್ಣ ದೀಪದ ಕಡೆಗೂ ಬಾಗುತ್ತಿತ್ತು. ಆ ದೀಪದಿಂದ ಬೀಳುವ ನೆರಳು ಮನುಷ್ಯರ ಕಣ್ಣಿಗೆ ಕಾಣದಷ್ಟು ಬೆಳಕು ಮಂದವಾಗಿತ್ತು!

ಒರೆ ಬಾಗುವಾಗ ತುದಿಯ ಹತ್ತಿರ ಮೊದಲು ಬಾಗುತ್ತದೆ, ಆಮೇಲೆ ಬಾಗು ಕೆಳಗೆ ಕೆಳಗೆ ಇಳಿಯುತ್ತದೆ. ಡಾರ್ವಿನ್‌ಗೆ ಇಲ್ಲೇ ಅನುಮಾನ ಬಂತು. ಬೆಳಕನ್ನು ಕಾಣುವುದು ಒಂದು ಜಾಗ, ಬಾಗುವುದು ಇನ್ನೊಂದು ಜಾಗ ಇರಬಹುದೇ?

ಇದನ್ನು ಪರೀಕ್ಷಿಸಲು ಅವರು ಮಾಡಿದ್ದೇ ಟೋಪಿ ಆಟ. ತೆಳುವಾದ ತವರದ ಹಾಳೆಯಿಂದ ಪುಟ್ಟ ಟೋಪಿ ಮಾಡಿ ಕೆಲವು ಮೊಳಕೆಗಳ ತುದಿಗೆ ತೊಡಿಸಿದರು. ಬೆಳಕು ಒಂದೇ ಕಡೆಯಿಂದ ಬೀಳುವಂತೆ ಇಟ್ಟರು. ಟೋಪಿ ಇಲ್ಲದವು ಬಾಗಿದವು. ಟೋಪಿ ಇದ್ದವು ನೆಟ್ಟಗೇ ನಿಂತಿದ್ದವು. ತುದಿ ಬಿಟ್ಟು ಉಳಿದ ಮೈಗೆಲ್ಲ ಬೆಳಕು ಬೀಳುತ್ತಲೇ ಇತ್ತು, ಆದರೂ ಬಾಗಲಿಲ್ಲ.

ಈಗ ನೀವು ಕೇಳಬಹುದು: ಟೋಪಿಯ ಭಾರಕ್ಕೋ, ಅದು ಬಿಗಿಯಾದ್ದಕ್ಕೋ ಬಾಗದೆ ಇರಬಹುದಲ್ಲ? ಒಳ್ಳೆಯ ಪ್ರಶ್ನೆ. ಡಾರ್ವಿನ್‌ಗೂ ಅದೇ ಹೊಳೆಯಿತು. ಗಾಜಿನ ಸಣ್ಣ ಕೊಳವೆಗಳನ್ನು ತೊಡಿಸಿ ನೋಡಿದರು. ಪಾರದರ್ಶಕ ಗಾಜಿನೊಳಗಿಂದ ಬೆಳಕು ತುದಿಗೆ ತಲಪುತ್ತದಲ್ಲ, ಆ ಮೊಳಕೆಗಳು ಬಾಗಿದವು. ಅದೇ ಗಾಜಿಗೆ ಕಪ್ಪು ಮಸಿ ಬಳಿದರೆ ಬಾಗಲಿಲ್ಲ. ಹಾಗಾದರೆ ತಪ್ಪು ಟೋಪಿಯ ಭಾರದ್ದಲ್ಲ, ಕತ್ತಲೆಯದು. ಕೆಲವು ಮೊಳಕೆಗಳ ತುದಿಯನ್ನೇ ಚೂರು ಕತ್ತರಿಸಿ ನೋಡಿದರು. ಅವುಗಳಲ್ಲಿ ಹೆಚ್ಚಿನವು ಬೆಳಕಿನ ಕಡೆ ತಿರುಗಲೇ ಇಲ್ಲ.

ಆಮೇಲೆ ತಿರುವುಮುರುವು ಮಾಡಿದರು. ತುದಿ ಮಾತ್ರ ಹೊರಗೆ ಕಾಣುವಂತೆ ಬಿಟ್ಟು, ಕೆಳಗಿನ ಭಾಗವನ್ನು ಬೆಳಕು ನುಗ್ಗದ ನುಣ್ಣನೆಯ ಕಪ್ಪು ಮರಳಿನಲ್ಲಿ ಹೂತರು. ತುದಿಗೆ ಬೆಳಕು, ಬುಡಕ್ಕೆ ಕತ್ತಲು. ಮರಳು ತೆಗೆದು ನೋಡಿದರೆ ಕತ್ತಲೆಯಲ್ಲಿದ್ದ ಕೆಳಭಾಗವೂ ಬೆಳಕಿನ ಕಡೆಗೇ ಬಾಗಿತ್ತು!

ಬೆಳಕನ್ನೇ ಕಾಣದ ಭಾಗಕ್ಕೆ ಬೆಳಕಿನ ದಿಕ್ಕನ್ನು ಹೇಳಿದವರು ಯಾರು? ತುದಿಯಿಂದ ಏನೋ ಒಂದು ಪ್ರಭಾವ ಕೆಳಗೆ ಇಳಿದು ಬರುತ್ತದೆ, ಅದೇ ಕೆಳಭಾಗವನ್ನು ಬಾಗಿಸುತ್ತದೆ ಎಂದು ಡಾರ್ವಿನ್ ತೀರ್ಮಾನಿಸಿದರು. ಆ ಪ್ರಭಾವ ಏನೆಂದು ಅವರು ಹೇಳಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆಸರು ಕೊಟ್ಟು ಜಂಬ ಕೊಚ್ಚಿಕೊಳ್ಳಲಿಲ್ಲ. ನನಗಂತೂ ಅವರ ಈ ಗುಣ ತುಂಬಾ ಇಷ್ಟ. 1880ರ ನವೆಂಬರಿನಲ್ಲಿ ಅಪ್ಪ, ಮಗನ ಈ ಎಲ್ಲ ಪ್ರಯೋಗಗಳು ಸಸ್ಯಗಳ ಚಲನಶಕ್ತಿಯನ್ನು ಕುರಿತ ದಪ್ಪನೆಯ ಪುಸ್ತಕವಾಗಿ ಹೊರಬಂದವು.

ಅಂದ ಹಾಗೆ, ಈ ಪ್ರಯೋಗವನ್ನು ನೀವೂ ಮಾಡಿ ನೋಡಬಹುದು. ಐದು ರೂಪಾಯಿ ಕೂಡ ಖರ್ಚಾಗುವುದಿಲ್ಲ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ, ತೆಂಗಿನ ಚಿಪ್ಪುಗಳಲ್ಲಿ ಒದ್ದೆ ಮರಳು ತುಂಬಿ ಬಿತ್ತಿ. (ರಾಗಿಯ ಮೊಳಕೆ ತೀರಾ ಸಣ್ಣದು, ಟೋಪಿ ತೊಡಿಸಲು ಕಷ್ಟ.) ರಟ್ಟಿನ ಪೆಟ್ಟಿಗೆಯೊಳಗೆ ಕತ್ತಲಲ್ಲಿಡಿ. ಮೂರು ನಾಲ್ಕು ದಿನಕ್ಕೆ ಒರೆಗಳು ಮೇಲೆ ಬರುತ್ತವೆ. ಹಸಿರು ಎಲೆ ಒರೆಯನ್ನು ಸೀಳಿ ಹೊರಬರುವ ಮೊದಲೇ ಪ್ರಯೋಗ ಶುರುಮಾಡಬೇಕು. ಚಾಕೊಲೇಟ್ ಸುತ್ತಿ ಬರುವ ಬೆಳ್ಳಿ ಹಾಳೆಯ ಚೂರನ್ನು ಬಾಲ್‌ಪೆನ್ನಿನ ರೀಫಿಲ್ಲಿಗೆ ಸುತ್ತಿ, ಒಂದು ತುದಿ ಹಿಸುಕಿ ಎಳೆದುಕೊಂಡರೆ ಟೋಪಿ ಸಿದ್ಧ. ಕೆಲವು ಮೊಳಕೆಗಳಿಗೆ ಟೋಪಿ ಹಾಕಿ, ಕೆಲವಕ್ಕೆ ತುದಿ ಬಿಟ್ಟು ಸೊಂಟಕ್ಕೆ ಮಾತ್ರ ಬೆಳ್ಳಿ ಪಟ್ಟಿ ಸುತ್ತಿ, ಉಳಿದವನ್ನು ಹಾಗೇ ಬಿಡಿ. ಪೆಟ್ಟಿಗೆಯ ಒಂದು ಪಕ್ಕದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಕೊರೆದು ಕಿಟಕಿಯ ಕಡೆಗೆ ತಿರುಗಿಸಿಡಿ. ಮರುದಿನ ಬೆಳಗ್ಗೆ ತೆರೆದು ನೋಡಿ, ಯಾವುದು ಬಾಗಿದೆ, ಯಾವುದು ಇಲ್ಲ ಎಂದು ಪುಸ್ತಕದಲ್ಲಿ ಬರೆದಿಡಿ. ಒಂದೆರಡು ಮೊಳಕೆ ನೋಡಿ ನಿರ್ಧರಿಸಬೇಡಿ. ಪ್ರತಿ ಗುಂಪಿಗೂ ಹತ್ತಾದರೂ ಇರಲಿ.

ಮತ್ತೆ ಕಥೆಗೆ ಬರೋಣ. ಪುಸ್ತಕ ಹೊರಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರೇ? ಇಲ್ಲ. ಆ ಕಾಲಕ್ಕೆ ಸಸ್ಯಗಳ ಅಧ್ಯಯನದಲ್ಲಿ ದೊಡ್ಡ ಹೆಸರು ಜರ್ಮನಿಯ ಯೂಲಿಯಸ್ ಸಾಕ್ಸ್ ಅವರದು. ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ಅವರ ಪ್ರಯೋಗಾಲಯ. ಒಳ್ಳೆಯ ಯಂತ್ರಗಳು, ಶಿಷ್ಯರ ದಂಡು. 1878ರಲ್ಲಿ ಫ್ರಾನ್ಸಿಸ್ ಕೂಡ ಅಲ್ಲಿಗೆ ಹೋಗಿ ಕಲಿತು ಬಂದಿದ್ದರು. ಬೇರಿನ ತುದಿಯೂ ಹೀಗೇ ಸುದ್ದಿ ಕಳಿಸುತ್ತದೆ ಎಂದು ಡಾರ್ವಿನ್ ಬರೆದಿದ್ದರಲ್ಲ, ಆ ಪ್ರಯೋಗಗಳನ್ನು ಸಾಕ್ಸ್ ತಮ್ಮ ಸಹಾಯಕರಿಂದ ಮತ್ತೆ ಮಾಡಿಸಿದರು. ಫಲಿತಾಂಶ ಬೇರೆಯೇ ಬಂತು. ಹಳ್ಳಿಮನೆಯಲ್ಲಿ ಕೂತು ಮಾಡಿದ ಇಂಥ ಒರಟು ಪ್ರಯೋಗಗಳನ್ನು ನಂಬಲಾಗದು ಎಂಬ ಧಾಟಿಯಲ್ಲಿ ಸಾಕ್ಸ್ ಕಟುವಾಗಿ ಟೀಕಿಸಿದರು. ವಿಯೆನ್ನಾದ ವೀಸ್ನರ್ ಎಂಬ ಇನ್ನೊಬ್ಬ ಪಂಡಿತರು ಡಾರ್ವಿನ್ ಅವರ ತೀರ್ಮಾನಗಳನ್ನು ಅಲ್ಲಗಳೆಯಲೆಂದೇ 1881ರಲ್ಲಿ ಒಂದು ಪುಸ್ತಕ ಬರೆದರು. ಬೆಳಕು ಬಿದ್ದ ಜಾಗವೇ ನೇರವಾಗಿ ಬಾಗುತ್ತದೆ, ತುದಿಯಿಂದ ಸುದ್ದಿ ಬರುವ ಮಾತೇ ಇಲ್ಲ ಎಂಬುದು ಅವರ ವಾದ.

ಡಾರ್ವಿನ್ ಜಗಳಕ್ಕೆ ಇಳಿಯಲಿಲ್ಲ. ಅವರಿಗೆ ಹೆಚ್ಚು ಸಮಯವೂ ಉಳಿದಿರಲಿಲ್ಲ. ಎರೆಹುಳುಗಳ ಮೇಲೆ ಕೊನೆಯ ಪುಸ್ತಕ ಬರೆದು ಮುಗಿಸಿದರು. 1882ರ ಏಪ್ರಿಲ್ 19ರಂದು ಡೌನ್‌ನ ಮನೆಯಲ್ಲಿ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರನ್ನು ಮಣ್ಣು ಮಾಡಿದರು. ಹುಲ್ಲಿನ ಮೊಳಕೆಯ ವಿಷಯದಲ್ಲಿ ಗೆದ್ದವರು ತಾವೋ, ಸಾಕ್ಸ್ ಮತ್ತು ವೀಸ್ನರ್ ಅವರೋ ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಉತ್ತರ ನಿಧಾನವಾಗಿ ಬಂತು. 1890ರ ದಶಕದಲ್ಲಿ ರೋಥರ್ಟ್ ಎಂಬ ಸಸ್ಯವಿಜ್ಞಾನಿ ಇದೇ ಪ್ರಯೋಗಗಳನ್ನು ಬಹಳ ಎಚ್ಚರಿಕೆಯಿಂದ ಮತ್ತೆ ಮಾಡಿದರು. ಅವರು ಬಳಸಿದ ಸಸಿಗಳಲ್ಲಿ ನಮ್ಮ ನವಣೆ, ಬರಗುಗಳ ಬಳಗಕ್ಕೆ ಸೇರಿದವೂ ಇದ್ದವು. ಈ ಬಳಗದ ಸಸಿಗಳಲ್ಲಿ ಒಂದು ವಿಶೇಷವಿದೆ. ಬೆಳಕನ್ನು ಗುರುತಿಸುವುದು ಮೇಲಿನ ಒರೆ, ಬಾಗುವುದು ಅದರ ಕೆಳಗಿನ ಪುಟ್ಟ ಕಾಂಡ. ಎರಡೂ ಬೇರೆ ಬೇರೆ ಎಂದು ಎದ್ದು ಕಾಣುತ್ತದೆ. ಸುದ್ದಿ ಮೇಲಿನಿಂದ ಕೆಳಗೆ ಹೋಗುತ್ತದೆಂಬ ಮಾತನ್ನು ಇನ್ನು ತಳ್ಳಿಹಾಕುವಂತಿರಲಿಲ್ಲ. ಸಿರಿಧಾನ್ಯದ ಬಳಗ ಡಾರ್ವಿನ್ ಪರ ಸಾಕ್ಷಿ ಹೇಳಿತು ಎನ್ನಬಹುದು.

ಆದರೆ ಆ ಸುದ್ದಿ ಎಂದರೇನು? ಡೆನ್ಮಾರ್ಕಿನ ಬಾಯ್ಸನ್ ಯೆನ್ಸನ್ 1910ರ ಹೊತ್ತಿಗೆ ಮೊಳಕೆಯ ತುದಿಯನ್ನು ಕತ್ತರಿಸಿ, ನಡುವೆ ಜೆಲಟಿನ್ ಎಂಬ ಅಂಟಿನ ತುಣುಕನ್ನಿಟ್ಟು, ಮೇಲೆ ತುದಿಯನ್ನು ಮತ್ತೆ ಕೂರಿಸಿದರು. ಮೊಳಕೆ ಬಾಗಿತು! ಸುದ್ದಿ ಅಂಟಿನ ಮೂಲಕ ದಾಟಿತ್ತು. ನಡುವೆ, ನೆರಳಿನ ಬದಿಗೆ, ಏನನ್ನೂ ದಾಟಗೊಡದ ಅಭ್ರಕದ ಚೂರನ್ನು ತೂರಿಸಿದರೆ ಬಾಗಲಿಲ್ಲ. ಹಾಗಾದರೆ ಅದು ನೀರಿನಲ್ಲಿ ಕರಗಿ ಹರಿಯುವ ವಸ್ತುವೇ ಇರಬೇಕು, ಅದು ಇಳಿಯುವುದು ನೆರಳಿನ ಬದಿಯಲ್ಲಿ. ಕೆಲವು ವರ್ಷಗಳ ನಂತರ ಹಂಗೆರಿಯ ಪಾಲ್ ಕತ್ತರಿಸಿದ ತುದಿಯನ್ನು ಕತ್ತಲಲ್ಲೇ ಒಂದು ಪಕ್ಕಕ್ಕೆ ಸರಿಸಿ ಕೂರಿಸಿದರು. ಬೆಳಕೇ ಇಲ್ಲದಿದ್ದರೂ ಮೊಳಕೆ ತುದಿ ಕೂತ ಬದಿಯ ಎದುರು ದಿಕ್ಕಿಗೆ ಬಾಗಿತು.

ಇಷ್ಟನ್ನೆಲ್ಲ ಫ್ರಾನ್ಸಿಸ್ ಕಂಡರು. ಕೇಂಬ್ರಿಜ್‌ನಲ್ಲಿ ಸಸ್ಯವಿಜ್ಞಾನ ಕಲಿಸಿದರು, ಅಪ್ಪನ ಪತ್ರಗಳನ್ನು ಜೋಡಿಸಿ ಪ್ರಕಟಿಸಿದರು. 1925ರ ಸೆಪ್ಟೆಂಬರಿನಲ್ಲಿ ತಮ್ಮ 77ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದಾಗಿ ಏಳು ತಿಂಗಳಿಗೆ, 1926ರ ಏಪ್ರಿಲಿನ ಒಂದು ರಾತ್ರಿ, ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಎಂಬ 22 ವರ್ಷದ ಯುವಕ ಕತ್ತಲು ಕೋಣೆಯಲ್ಲಿ ಕೂತಿದ್ದರು. ಹಗಲಿಡೀ ಕಡ್ಡಾಯ ಸೈನಿಕ ಸೇವೆ. ಹಾಗಾಗಿ ಪ್ರಯೋಗಕ್ಕೆ ಸಿಗುತ್ತಿದ್ದುದು ರಾತ್ರಿ ಮಾತ್ರ. ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಕೆಲ ಹೊತ್ತು ಅಗರ್ ತುಣುಕಿನ ಮೇಲೆ ಇಟ್ಟಿದ್ದರು. ಅಗರ್ ಎಂದರೆ ಕಡಲಪಾಚಿಯಿಂದ ತೆಗೆದ, ಜೆಲ್ಲಿಯಂಥ ವಸ್ತು. ಆಮೇಲೆ ತುದಿಗಳನ್ನು ಎಸೆದು, ಆ ಅಗರ್ ತುಣುಕನ್ನು ಮಾತ್ರ ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಕೂರಿಸಿದರು. ನಡುರಾತ್ರಿ ಕಳೆದು ಮೂರು ಗಂಟೆಯ ಹೊತ್ತಿಗೆ ನೋಡುತ್ತಾರೆ, ಮೊಳಕೆ ಬಾಗಿದೆ! ತುದಿಯಲ್ಲಿದ್ದ ವಸ್ತು ಅಗರ್‌ಗೆ ಇಳಿದು, ಅಗರ್‌ನಿಂದ ಮೊಳಕೆಗೆ ಇಳಿದಿತ್ತು. ಡಾರ್ವಿನ್ ಹೇಳಿದ್ದ ಆ ಪ್ರಭಾವವನ್ನು 46 ವರ್ಷಗಳ ನಂತರ ಒಬ್ಬರು ಹಿಡಿದು ತುಣುಕಿನಲ್ಲಿ ಇಟ್ಟಿದ್ದರು.

ಗಿಡದ ಒಂದು ಭಾಗದಲ್ಲಿ ತಯಾರಾಗಿ ಇನ್ನೊಂದು ಭಾಗಕ್ಕೆ ಹೋಗಿ ಕೆಲಸ ಮಾಡುವ ಇಂಥ ವಸ್ತುಗಳಿಗೆ ಸಸ್ಯ ಹಾರ್ಮೋನುಗಳು ಎನ್ನುತ್ತಾರೆ. ಈ ಹಾರ್ಮೋನಿಗೆ ಆಕ್ಸಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ಬೆಳೆ ಎಂಬ ಅರ್ಥದ ಪದದಿಂದ ಬಂದದ್ದು. ಅದು ಯಾವ ರಾಸಾಯನಿಕ ಎಂದು ಗುರುತಿಸಲು ಮೊಳಕೆಯ ತುದಿಗಳು ಸಾಲಲಿಲ್ಲ, ಅಷ್ಟು ಕಡಿಮೆ ಪ್ರಮಾಣ. 1934ರಲ್ಲಿ ಉಟ್ರೆಕ್ಟ್‌ನಲ್ಲೇ ಕೋಗಲ್ ಮತ್ತು ಅವರ ಜೊತೆಗಾರರು ಅದನ್ನು ಬೇರೆಡೆ ಪತ್ತೆ ಮಾಡಿದರು. ಎಲ್ಲಿ ಗೊತ್ತೇ? ಮನುಷ್ಯರ ಮೂತ್ರದಲ್ಲಿ! ಇಂಡೋಲ್ ಅಸಿಟಿಕ್ ಆಮ್ಲ ಎಂಬುದು ಅದರ ಪೂರ್ತಿ ಹೆಸರು.

ಆಕ್ಸಿನ್ ಗಿಡವನ್ನು ಬಾಗಿಸುವುದು ಹೇಗೆ? ನಿಮ್ಮ ಶಾಲೆಯ ಗಣರಾಜ್ಯೋತ್ಸವದ ಕವಾಯತು ನೆನಪಿಸಿಕೊಳ್ಳಿ. ಅಕ್ಕಪಕ್ಕ ಎರಡು ಸಾಲುಗಳು ನಡೆಯುತ್ತಿವೆ. ಬಲಕ್ಕೆ ತಿರುಗಬೇಕಾದರೆ ಎಡಗಡೆಯ ಸಾಲಿನವರು ದೊಡ್ಡ ಹೆಜ್ಜೆ ಹಾಕಬೇಕು, ಬಲಗಡೆಯವರು ಸಣ್ಣ ಹೆಜ್ಜೆ. ಆಗ ಇಡೀ ಗುಂಪು ಬಲಕ್ಕೆ ತಿರುಗುತ್ತದೆ. ಕಾಂಡದಲ್ಲೂ ಹಾಗೆಯೇ. ಬೆಳಕು ಒಂದು ಕಡೆಯಿಂದ ಬಿದ್ದಾಗ ತುದಿಯ ಆಕ್ಸಿನ್ ನೆರಳಿನ ಬದಿಗೆ ಸರಿಯುತ್ತದೆ. ಆ ಬದಿಯಲ್ಲೇ ಹೆಚ್ಚಾಗಿ ಕೆಳಗಿಳಿಯುತ್ತದೆ. ಅಲ್ಲಿನ ಜೀವಕೋಶಗಳ ಗಟ್ಟಿ ಗೋಡೆಗಳು ಸಡಿಲವಾಗುತ್ತವೆ. ಒಳಗಿನ ನೀರಿನ ಒತ್ತಡಕ್ಕೆ ಕೋಶಗಳು ಉದ್ದವಾಗುತ್ತವೆ. ಬೆಳಕಿನ ಬದಿಯ ಕೋಶಗಳು ಅಷ್ಟು ಉದ್ದವಾಗುವುದಿಲ್ಲ. ಹೊರಗಿನ ಸಾಲು ದೊಡ್ಡ ಹೆಜ್ಜೆ ಹಾಕಿತು, ಒಳಗಿನ ಸಾಲು ಸಣ್ಣ ಹೆಜ್ಜೆ! ಗಿಡ ಬೆಳಕಿನ ಕಡೆಗೆ ಬಾಗಿತು. ಬೆಳಕು ಬಿದ್ದ ಕಡೆ ಹೆಚ್ಚು ಬೆಳೆಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಹೆಚ್ಚು ಬೆಳೆಯುವುದು ನೆರಳಿನ ಬದಿ. ಹೀಗೆ ಬೆಳಕಿನ ಕಡೆಗೆ ಬಾಗುವುದಕ್ಕೆ ದ್ಯುತಿ ಅನುವರ್ತನೆ ಎಂದು ಹೆಸರು.

ಬೆಳಕನ್ನು ಗುರುತಿಸುವ ಗಿಡದ ಕಣ್ಣು ಯಾವುದು ಎಂಬ ಇನ್ನರ್ಧ ಪ್ರಶ್ನೆಗೆ ಉತ್ತರ ಸಿಗಲು 1997ರವರೆಗೆ ಕಾಯಬೇಕಾಯಿತು. ನೀಲಿ ಬೆಳಕನ್ನು ಹೀರಿ ಕೆಲಸ ಶುರುಮಾಡುವ ಒಂದು ಪ್ರೋಟೀನಿನ ಜೀನನ್ನು ಅಮೆರಿಕದ ವಿಜ್ಞಾನಿಗಳು ಆ ವರ್ಷ ಪತ್ತೆ ಮಾಡಿದರು. ಈ ಪ್ರೋಟೀನಿಗೆ ಫೋಟೊಟ್ರೋಪಿನ್ ಎನ್ನುತ್ತಾರೆ. ನೀಲಿ ಬೆಳಕೇ ಇಲ್ಲದಂತೆ ಬರೀ ಕೆಂಪು ಬೆಳಕು ಕೊಟ್ಟರೆ ಹುಲ್ಲಿನ ಮೊಳಕೆಗೆ ದಿಕ್ಕು ತೋಚುವುದಿಲ್ಲ. ನಿಮ್ಮ ರಟ್ಟಿನ ಪೆಟ್ಟಿಗೆಯ ತೂತಿಗೆ ಒಮ್ಮೆ ನೀಲಿ, ಒಮ್ಮೆ ಕೆಂಪು ಜಿಲೆಟಿನ್ ಹಾಳೆ ಅಂಟಿಸಿ ನೋಡಿ. ಹಾಳೆ ತೆಳುವಾಗಿದ್ದರೆ ನಾಲ್ಕೈದು ಪದರ ಮಾಡಿ.

ಆಕ್ಸಿನ್ ಜಾತಿಯ ವಸ್ತುಗಳನ್ನು ಈಗ ಕಾರ್ಖಾನೆಗಳಲ್ಲೇ ತಯಾರಿಸುತ್ತಾರೆ. ಹೊಸಕೋಟೆ, ಸರ್ಜಾಪುರದ ಕಡೆ ನರ್ಸರಿಗಳಲ್ಲಿ ಗುಲಾಬಿ, ದಾಳಿಂಬೆ ಕಡ್ಡಿಗಳನ್ನು ನೆಡುವ ಮುನ್ನ ಬುಡವನ್ನು ಒಂದು ಪುಡಿಯಲ್ಲಿ ಅದ್ದುವುದನ್ನು ನೋಡಿದರೆ ಅದೇನೆಂದು ಕೇಳಿ. ಬೇಗ ಬೇರು ಬಿಡಲಿ ಎಂದು ಹಚ್ಚುವ ಆ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಆಕ್ಸಿನ್‌ನ ಹತ್ತಿರದ ನೆಂಟ. ರಾಗಿ ಹೊಲದಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಎಂಬ ಔಷಧಿಯೂ ಅದೇ ಬಳಗದ್ದು. ಅದು ಬಿದ್ದಾಗ ಕಳೆ ಗಿಡಗಳು ಅಡ್ಡಾದಿಡ್ಡಿ ಬೆಳೆದು ಸೊಟ್ಟಗೆ ತಿರುಚಿಕೊಂಡು ಸಾಯುತ್ತವೆ. ಹುಲ್ಲಿನ ಕುಟುಂಬದ ರಾಗಿ ಅದನ್ನು ತಡೆದುಕೊಳ್ಳುತ್ತದೆ. ಅದು ವಿಷ, ನೀವು ಮುಟ್ಟಬಾರದು. ಔಷಧಿ ಹೊಡೆದು ಮೂರು ನಾಲ್ಕು ದಿನವಾದ ಮೇಲೆ ಬದುವಿನ ಮೇಲೆ ನಿಂತು ನೋಡಿ, ಯಾವ ಕಳೆಯ ಕಾಂಡ ಯಾವ ಕಡೆಗೆ ತಿರುಚಿದೆ ಎಂದು.